ಬೀಸುಕಲ್ಲಿನ ಆಚೆ ಬದಿಯ ದನಿ

ಇಂಥ ಕಥೆಗಳನ್ನು ನಾನು ನಂಬಿದವನಲ್ಲ. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದವನು ನಾನು. ಸತ್ತವರು ಬಂದು ಮಾತಾಡಿಸಿದರೆಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳಿದರೆ, ಹಿಂದಿನ ದಿನ ಏನು ಉಂಡಿದ್ದಿರೆಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಈಗ ಅದೇ ಗಾದೆ ನನ್ನ ಬೆನ್ನು ಹತ್ತಿದೆ. ಪ್ರಮಾಣಿಸಿ ನೋಡಲು ಬೇಕಾದ ಒಂದೇ ಒಂದು ವಸ್ತುವನ್ನು ನಾನೇ ನನ್ನ ಕೈಯಾರೆ ಅಳಿಸಿ ಹಾಕಿದ್ದೇನೆ.

ನನಗೆ ಹಳೆಯ ಹಾಡಿನ ಹುಚ್ಚು. ಅದೂ ನಮ್ಮವಲ್ಲ. ಇರಾನ್, ತುರ್ಕಿ, ಆಫ್ರಿಕಾ, ಯಾವುದೋ ಬೆಟ್ಟದ ನಾಡಿನ ಕುರಿಗಾಹಿಗಳು, ಹೀಗೆ ಭಾಷೆ ತಿಳಿಯದಷ್ಟೂ ರುಚಿ ಹೆಚ್ಚು. ಮೊದಲು ಕ್ಯಾಸೆಟ್, ಆಮೇಲೆ ಗ್ರಾಮೋಫೋನಿನ ಪ್ಲೇಟು, ಈಗ ಆ ಪ್ಲೇಟುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವ ಕೆಲಸ. ಹೆಂಡತಿ ಅದಕ್ಕೆ 'ಕರಕರ' ಎಂದು ಹೆಸರಿಟ್ಟಿದ್ದಾಳೆ. ಹಿತ್ತಲ ಗಿಡ ಮದ್ದಲ್ಲ ಎಂಬುದಕ್ಕೆ ನನಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಏಕೆಂದರೆ ಒಂದು ಕ್ಯಾಸೆಟ್ಟಿನಲ್ಲಿ ನನ್ನ ಅವ್ವನ ದನಿ ಇತ್ತು. ಅವ್ವ ಮತ್ತು ಚಿಗವ್ವ, ಅಂದರೆ ಅವಳ ತಂಗಿ, ಎದುರು ಬದುರು ಕೂತು ಬೀಸುತ್ತ ಹಾಡಿದ ಹಾಡುಗಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಟೇಪ್ ಮಾಡಿದ್ದೆ. ಅವ್ವನಿಗೊಂದು ರೂಢಿಯಿತ್ತು. ಬೀಸಿ ಮುಗಿದ ಮೇಲೆ, ದುಡಿದ ಎತ್ತಿನ ಬೆನ್ನು ತಟ್ಟುವ ಹಾಗೆ, ಮೇಲಿನ ಕಲ್ಲನ್ನು ಅಂಗೈಯಿಂದ ಮೂರು ಸಲ ತಟ್ಟುತ್ತಿದ್ದಳು. 'ಕಲ್ಲಿಗೇನು ಗೊತ್ತಾಗ್ತದ' ಎಂದು ಚಿಗವ್ವ ನಗುತ್ತಿದ್ದಳು. ಕ್ಯಾಸೆಟ್ಟಿನ ಕೊನೆಯಲ್ಲಿ ಆ ತಟ್ಟುವಿಕೆಯೂ ಇತ್ತು, ನಗುವೂ ಇತ್ತು.

ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬ ಗೆಳೆಯ ಪರದೇಶದ ಅಪರೂಪದ ಕ್ಯಾಸೆಟ್ಟೊಂದನ್ನು ಒಂದೇ ದಿನದ ಮಟ್ಟಿಗೆ ಕೊಟ್ಟ. ನನ್ನ ಹತ್ತಿರ ಖಾಲಿ ಕ್ಯಾಸೆಟ್ ಇರಲಿಲ್ಲ. ಪೆಟ್ಟಿಗೆಯಲ್ಲಿ ಹೆಸರು ಬರೆಯದ ಒಂದು ಸಿಕ್ಕಿತು. ಅದರ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಚೂರು ಮುರಿದಿತ್ತು, ಅಂದರೆ ಅಳಿಸಬಾರದ್ದು ಎಂದು ನಾನೇ ಮಾಡಿಟ್ಟ ಗುರುತು. ಅವಸರದಲ್ಲಿ ಆ ತೂತಿಗೆ ಅಂಟುಪಟ್ಟಿ ಹಚ್ಚಿ ಟೇಪ್ ಮಾಡಿಬಿಟ್ಟೆ. ಕಾಣದ ದೇಶದ ಹಾಡುಗಳಿಗೆಲ್ಲ ಊರು, ಕುಲ, ವಾದ್ಯ ಅಂತ ಚೀಟಿ ಅಂಟಿಸಿದ್ದವನು, ಅವ್ವನ ಹಾಡಿಗೆ ಹೆಸರೇನು ಬರೆಯುವುದು, ಗೊತ್ತೇ ಇದೆಯಲ್ಲ ಎಂದು ಹಾಗೇ ಬಿಟ್ಟಿದ್ದೆ.

ಚಿಗವ್ವನಿಗೆ ಇದನ್ನು ಹೇಳುವ ಧೈರ್ಯ ನನಗೆ ಬರಲೇ ಇಲ್ಲ. ಅವಳು ಮಸೂತಿಯಲ್ಲಿ ಮಗ ಸೊಸೆಯ ಜೊತೆ ಇರುತ್ತಾಳೆ. ಫೋನ್ ಮಾಡಿದಾಗೊಮ್ಮೆ ಅದೇ ಪ್ರಶ್ನೆ.

"ಏನೋ ತಮ್ಮಾ, ಅಕ್ಕನ ಕ್ಯಾಸೆಟ್ ಸಿಕ್ತೇನು?"

"ಹುಡುಕಾಕತ್ತೇನಿ ಚಿಗವ್ವ. ಮನ್ಯಾಗ ಎಲ್ಲೋ ಐತಿ."

ಇಷ್ಟು ವರ್ಷ ಹುಡುಕುವಷ್ಟು ದೊಡ್ಡ ಮನೆ ನನ್ನದಲ್ಲ. ಅದು ಅವಳಿಗೂ ಗೊತ್ತಿತ್ತೇನೋ. ಲಕ್ವಾ ಹೊಡೆದು ಬಲಗೈ ಬಿದ್ದುಹೋದ ಮೇಲೆ ಅವಳು ಕೇಳುವುದು ಇನ್ನೂ ಹೆಚ್ಚಾಯಿತು. ಫೋನಿನಲ್ಲಿ ಅವಳ ಹೆಸರು ಕಂಡರೆ ನಾಲ್ಕು ಸಲ ರಿಂಗಾಗಲು ಬಿಟ್ಟು ಆಮೇಲೆ ಎತ್ತುತ್ತಿದ್ದೆ.

ನಾಲ್ಕು ವರ್ಷದ ಹಿಂದೆ, ಬೇಸಿಗೆ ರಜೆಯಲ್ಲಿ, ತಾಳಿಕೋಟೆಯ ಗೆಳೆಯ ಮಹಿಬೂಬ ಕರೆ ಮಾಡಿದ. ಅವನದು ಅಲ್ಲಿ ಬಟ್ಟೆ ಅಂಗಡಿ. ಹಳೆಯ ಮನೆಯ ಅಟ್ಟ ಇಳಿಸುವಾಗ ಅವನ ಅಜ್ಜನ ಟ್ರಂಕು ಸಿಕ್ಕಿತ್ತು. ಅಜ್ಜ ಮುಂಬೈಯಲ್ಲಿ ಹಡಗಿನ ಕೆಲಸಕ್ಕಿದ್ದವರು. ಟ್ರಂಕಿನಲ್ಲಿ ಏಳು ಪ್ಲೇಟು. ಆರು ಒಡೆದಿದ್ದವು, ಒಂದು ಮಾತ್ರ ಇಡಿಯಾಗಿತ್ತು. ತಾಳಿಕೋಟೆಗೆ ಹೋಗಿ ನೋಡಿದರೆ ಅದರ ನಡುವಿನ ಕಾಗದದ ಅಕ್ಷರ ನನಗೆ ತಿಳಿಯಲಿಲ್ಲ.

"ಇದು ಉರ್ದು ಅಲ್ರಿ ಮಾಸ್ತರ, ಫಾರ್ಸಿನೂ ಅಲ್ಲ. ನಮ್ಮಜ್ಜಗ ಗೊತ್ತಿತ್ತೋ ಏನೋ. ನೀವ ಒಯ್ಯಿರಿ, ನಮ್ಮನ್ಯಾಗಿದ್ರ ಇದೂ ಒಡೀತೈತಿ," ಎಂದ ಮಹಿಬೂಬ.

ಅಂದು ಮಧ್ಯಾಹ್ನವೇ ಬಾಗೇವಾಡಿಯ ಮೇಲೆ ಹಾಯ್ದು ಮಸೂತಿಗೆ ಹೋದೆ. ಪ್ಲೇಟು ಹಾಕುವ ಪೆಟ್ಟಿಗೆ, ಲ್ಯಾಪ್‌ಟಾಪು ಕಾರಿನಲ್ಲೇ ಇದ್ದವು. ಒಂದು ಹೊಸ ಹಾಡು ಕೇಳಿಸಿದರೆ ಚಿಗವ್ವ ಕ್ಯಾಸೆಟ್ಟಿನ ಮಾತು ಮರೆತಾಳು ಎಂಬ ಹಂಚಿಕೆ ನನ್ನದು. ಮಕ್ಕಳಿಗೆ ಗಿಲಕಿ ಆಡಿಸುತ್ತಾರಲ್ಲ, ಹಾಗೆ.

ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಚಿಗವ್ವ ಒಬ್ಬಳೇ ಗೋಡೆಗೆ ಆತು ಕೂತಿದ್ದಳು. ಹೊರಗೆ ಬಿಸಿಗಾಳಿ, ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ವೈರು ಜೋಡಿಸಿದೆ. ಆ ವೈರು ಪ್ಲೇಟಿನ ಮೇಲೆ ಓಡುವ ಮುಳ್ಳಿನಿಂದ ನೇರ ಲ್ಯಾಪ್‌ಟಾಪಿಗೆ ಹೋಗುತ್ತದೆ, ಕೋಣೆಯ ಸದ್ದು ಅದರಲ್ಲಿ ಇಳಿಯುವುದಿಲ್ಲ. ಲ್ಯಾಪ್‌ಟಾಪಿನ ಮೈಕು ಎಂದೋ ಕೆಟ್ಟು ಹೋಗಿತ್ತು. ನಾವು ಕೇಳಲೆಂದು ಪೆಟ್ಟಿಗೆಯಲ್ಲೇ ಒಂದು ಸಣ್ಣ ಸ್ಪೀಕರ್ ಇತ್ತು.

ಕರಕರದ ಒಳಗಿಂದ ಒಬ್ಬ ಹೆಂಗಸು ಹಾಡತೊಡಗಿದಳು. ವಾದ್ಯವಿಲ್ಲ, ಒಂಟಿ ದನಿ. ಒಂದು ಸಾಲು ಹಾಡುತ್ತಾಳೆ, ನಿಲ್ಲಿಸುತ್ತಾಳೆ, ಮತ್ತೆ ಹಾಡುತ್ತಾಳೆ. ಚಿಗವ್ವ ತಲೆ ಎತ್ತಿದಳು.

"ಇಕಿ ಬೀಸಾಕತ್ತಾಳಲ್ಲೋ."

"ಯಾವ ದೇಶದಾಕಿನೋ ಏನೋ ಚಿಗವ್ವ."

"ದೇಶ ಯಾವದಾದ್ರೇನು? ಬೀಸುಕಲ್ಲಿನ ಗೂಟ ದೂರ ಹೋದಾಗ ಉಸುರು ಎಳಿತಾಳ, ಹತ್ರ ಬಂದಾಗ ಬಿಡ್ತಾಳ. ಸುಮ್ಮನಾದಾಗ ಕಾಳ ಹಾಕ್ತಾಳ. ಎದುರಿಗಿನಾಕಿ ಎಲ್ಲಿ? ಎತ್ತಿದ ಹಾಡ ಒಬ್ಬಾಕಿ ಮ್ಯಾಲ ಬಿಡಬಾರದು."

ಹೀಗಂದು, ಪ್ಲೇಟಿನ ಹೆಂಗಸು ಸುಮ್ಮನಾದಾಗಲೆಲ್ಲ ಚಿಗವ್ವ ತಾನು ಒಂದೊಂದು ಸಾಲು ಸೇರಿಸತೊಡಗಿದಳು. ಅಕ್ಕ ಸತ್ತ ಮೇಲೆ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ತವರಿನ ದಾರಿಯ ಹಾಡು, ಒಡೆದ ಮುದಿ ದನಿ. ಆದರೂ ರಾಗ ಇಬ್ಬರದೂ ಹೊಂದಿಕೊಂಡು ಹೋಯಿತು. ಪ್ಲೇಟು ಮುಗಿಯಿತು. ಚಿಗವ್ವನ ಬಲಗೈ ತೊಡೆಯ ಮೇಲೆ ಬಿದ್ದಲ್ಲೇ ಬಿದ್ದಿತ್ತು, ಎಡಗೈ ಅದನ್ನು ಹಿಡಿದುಕೊಂಡಿತ್ತು. ಇದನ್ನು ನಾನು ಚೆನ್ನಾಗಿ ನೋಡಿದ್ದೇನೆ.

ಸರಿಯಾಗಿ ಇಳಿದಿದೆಯೋ ಇಲ್ಲವೋ ಎಂದು ಲ್ಯಾಪ್‌ಟಾಪಿನಲ್ಲಿ ಹಚ್ಚಿದೆ. ಪರದೇಶದ ಹೆಂಗಸು ಹಾಡಿದಳು, ನಿಲ್ಲಿಸಿದಳು. ಆ ಖಾಲಿ ಜಾಗದಲ್ಲಿ, ಖಾಲಿಯಾಗಿಯೇ ಇರಬೇಕಾದ ಜಾಗದಲ್ಲಿ, ತವರಿನ ಹಾಡಿನ ಸಾಲು ಕೇಳಿಸಿತು. ದೂರದ್ದು, ಆದರೆ ಒಡಕಿಲ್ಲದ ದನಿ. ಸಾಲು ಸಾಲಿಗೂ ಅದೇ. ಹಾಡು ಮುಗಿಯಿತು. ಸ್ವಲ್ಪ ಹೊತ್ತು ಕರಕರ. ಆಮೇಲೆ ಅಂಗೈಯಿಂದ ಕಲ್ಲು ತಟ್ಟಿದ ಸದ್ದು, ಮೂರು ಸಲ.

ಚಿಗವ್ವ ಹೆದರಲಿಲ್ಲ. ಎಡಗೈಯಲ್ಲಿ ಸೆರಗು ಹಿಡಿದು ಕಣ್ಣು ಒರೆಸಿಕೊಂಡು ನಕ್ಕಳು.

"ಕಡೀಗೂ ಸಿಕ್ತಲ್ಲೋ ತಮ್ಮಾ ಅಕ್ಕನ ಕ್ಯಾಸೆಟ್! ಇಷ್ಟು ದಿನಾ ಎಲ್ಲಿಟ್ಟಿದ್ದಿ?"

"ಮನ್ಯಾಗ ಇತ್ತು ಚಿಗವ್ವ," ಎಂದೆ. ಅಂದಿನಿಂದ ಅವಳು ಒಮ್ಮೆಯೂ ಅದನ್ನು ಕೇಳಿಲ್ಲ.

ಪ್ರಮಾಣಿಸಿ ನೋಡದೆ ಬಿಟ್ಟಿಲ್ಲ. ಹತ್ತಿರ ಕೂತು ಗಟ್ಟಿಯಾಗಿ ಹಾಡಿದರೆ ಮುಳ್ಳು ನಡುಗಿ ಆ ದನಿಯೂ ಸೇರುವುದುಂಟು. ತನ್ನದೇ ದನಿ ಯಂತ್ರದಲ್ಲಿ ಕೇಳಿದರೆ ಯಾರಿಗಾದರೂ ಬೇರೆಯವರದು ಅನಿಸುತ್ತದೆ, ಅದೂ ಅಕ್ಕತಂಗಿಯರ ದನಿ. ಮಹಿಬೂಬನೂ ಕೇಳಿ, 'ನಿಮ್ಮ ಚಿಗವ್ವಂದ ಇರಬೇಕ್ರಿ' ಎಂದ. ಇರಬಹುದು. ಆದರೆ ಆ ತಟ್ಟಿದ್ದು ಯಾರು? ಮನೆಯಲ್ಲಿ ಅದೇ ಪ್ಲೇಟನ್ನು ಎಷ್ಟೋ ಸಲ ಹಾಕಿ ಇಳಿಸಿಕೊಂಡು ನೋಡಿದೆ. ಖಾಲಿ ಜಾಗ ಖಾಲಿಯಾಗಿಯೇ ಇದೆ, ಕೊನೆಯಲ್ಲಿ ಬರೀ ಕರಕರ.

ಆ ದಿನದ ಫೈಲು ಇನ್ನೂ ನನ್ನ ಹತ್ತಿರ ಇದೆ. ವಾರಕ್ಕೊಮ್ಮೆಯಾದರೂ ಹಚ್ಚುತ್ತೇನೆ, ನಡುವೆಯೇ ಎದ್ದು ಅಂಗಳಕ್ಕೆ ಹೋಗುತ್ತೇನೆ, ಮತ್ತೆ ಬಂದು ಹಚ್ಚುತ್ತೇನೆ. ಇರಾನಿನ ಹಾಡುಗಾರ್ತಿಯರನ್ನು ಎರಡೇ ಸಾಲಿನಲ್ಲಿ ಇಂಥವಳೆಂದು ಗುರುತು ಹಿಡಿಯುವ ಕಿವಿ ನನ್ನದು. ಆ ದನಿ ನನ್ನ ಅವ್ವನದು ಹೌದೋ ಅಲ್ಲವೋ, ಅದು ಮಾತ್ರ ನನಗೆ ಗುರುತಾಗುತ್ತಿಲ್ಲ.