ತೋಳದ ಮರಿಗಳನ್ನು ಗುಡ್ಡಕ್ಕೆ ಬಿಡಲು ಅಪ್ಪಣೆ

ಅತ್ತೆ ಆ ಮರಿಗಳನ್ನು ಕಂಬಳಿಯಲ್ಲಿ ಹೊತ್ತಳೋ, ಕೈಯಲ್ಲಿ ಹಿಡಿದಳೋ, ನನ್ನ ನೆನಪು ದಿನಕ್ಕೊಂದು ಹೇಳುತ್ತದೆ. ಆ ಹೊತ್ತಿಗೆ ನಾನು ಗುಡ್ಡದಲ್ಲಿ ಇರಲೇ ಇಲ್ಲ. ಆದರೂ ಕಂಡಂತೆ ನೆನಪಿದೆ. ಅದನ್ನು ನಂಬಬೇಡಿ. ಖಚಿತವಾಗಿ ಗೊತ್ತಿರುವುದು ಇಷ್ಟು: ಐ.ಡಿ.ಹಳ್ಳಿ ಆಚೆಯ ಗುಡ್ಡದ ಬುಡದಲ್ಲಿ ರಸ್ತೆಗೆಂದು ಜೆಸಿಬಿ ಮಣ್ಣು ತೆಗೆಯುತ್ತಿತ್ತು. ಅದರ ದಾರಿಯಲ್ಲೇ ತೋಳದ ಬಿಲ. ಒಳಗೆ ಆಗಷ್ಟೇ ಕಣ್ಣು ಬಿಟ್ಟ ಎರಡು ಮರಿ. ತಾಯಿ ದೂರದ ಬಂಡೆಯ ಮೇಲಿತ್ತು.

ನನ್ನ ಸೋದರತ್ತೆ ಕುರಿ ಕಾಯುವವಳು. ಬಯಲಲ್ಲಿ ಕುರಿ ಈದರೆ ಎಳೆ ಮರಿಯ ಮುಂಗಾಲು ಹಿಡಿದು, ತಾಯಿಯ ಮೂತಿಗೆ ತಾಗುವಷ್ಟು ತಗ್ಗಿಸಿಕೊಂಡು ಮುಂದೆ ನಡೆಯುತ್ತಾರೆ. ತಾಯಿ ಮೂಸುತ್ತಾ, ಅರಚುತ್ತಾ ಕುರಿ ಕೂಡುವ ರೊಪ್ಪದವರೆಗೂ ಬರುತ್ತದೆ. ಅತ್ತೆ ತೋಳಕ್ಕೂ ಅದನ್ನೇ ಮಾಡಿದಳು. ಮರಿಗಳನ್ನು ತಾಯಿಗೆ ತೋರಿಸುತ್ತಾ ಗುಡ್ಡದ ಆಚೆ ಮಗ್ಗುಲಿನ ಗವಿಗೆ ಹೊರಟಳು. ತೋಳ ಹಿಂಬಾಲಿಸಲಿಲ್ಲ. ಹಿಂಬಾಲಿಸಿದವರು ರಸ್ತೆ ಕೆಲಸದವರು, ಮೊಬೈಲ್ ಎತ್ತಿ ಹಿಡಿದುಕೊಂಡು. ಸ್ವಲ್ಪ ಹೊತ್ತಿಗೆ ಅರಣ್ಯ ಇಲಾಖೆಯ ಜೀಪು ಬಂದು ಮರಿಗಳನ್ನು ಮಧುಗಿರಿಗೆ ಒಯ್ದಿತು. ಅತ್ತೆ ಅದರ ಹಿಂದೆಯೇ ಬಸ್ಸು ಹತ್ತಿದಳು.

ಶಿರಾದಲ್ಲಿದ್ದ ನನಗೆ ಫೋನ್ ಬಂತು. "ಲೇ, ಬಾರ್ಲಾ. ಆಫೀಸಿನವ್ರ ಕನ್ನಡ ನಂಗೆ ತಿಳಿಯಾಕಿಲ್ಲ."

ಮಧುಗಿರಿಗೆ ಹೋದೆ. ಅಲ್ಲಿನ ವಲಯ ಅರಣ್ಯಾಧಿಕಾರಿ ಕಿರಿ ವಯಸ್ಸಿನ ಹೆಂಗಸು. ತಾಳ್ಮೆಯಿಂದಲೇ ಹೇಳಿದರು. "ತೋಳ ಮುಟ್ಟೋದೇ ಕಾನೂನಿಗೆ ವಿರುದ್ಧ, ಅಮ್ಮ. ಇನ್ನು ವಾಪಸ್ ಬಿಡೋದಕ್ಕೆ ಮೇಲಿನವರ ಅಪ್ಪಣೆ ಬೇಕು. ಡಾಕ್ಟರು ನೋಡಬೇಕು. ಅಪ್ಪಣೆ ಸಿಗದಿದ್ರೆ ಮೃಗಾಲಯಕ್ಕೆ ಕಳಿಸ್ತೀವಿ."

"ಅಷ್ಟೊತ್ಗೆ ತಾಯಿ ಜಾಗ ಬುಟ್ಟು ಹೋಯ್ತದೆ ಕಣಮ್ಮ. ಎತ್ತಿದೋಳು ನಾನು. ನಾನೇ ಇಟ್ಟು ಬತ್ತೀನಿ."

"ಎತ್ತಿದೋರೇ ಇಡೋ ಹಾಗಿದ್ರೆ ನಮ್ಮ ಇಲಾಖೆ ಯಾಕಮ್ಮ?"

"ನಾನೂ ಅದ್ನೇ ಕೇಳಾನ ಅಂತಿದ್ದೆ."

ಪಕ್ಕದಲ್ಲಿ ನಿಂತಿದ್ದ ಗಾರ್ಡ್ ನಗು ತಡೆಯಲು ಕಿಟಕಿ ಕಡೆ ತಿರುಗಿದ. ಅಧಿಕಾರಿ ನಗಲಿಲ್ಲ. "ಆ ಗವಿಯಲ್ಲಿ ಇಟ್ಟಿದ್ರೆ ತಾಯಿಗೆ ಸಿಗದೆ ಸಾಯ್ತಿದ್ವು. ಅಪ್ಪಣೆ ಕೇಳೋದು ಅದಕ್ಕೇ," ಎಂದರು.

ಮಾತು ಅತ್ತೆಗೆ ನಾಟಿತು. ಆದರೂ ಅವಳು ಜಾಗ ಬಿಡಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತಳು. ಊಟಕ್ಕೆ ಕರೆದರೆ, "ಅವು ಉಂಡಿಲ್ಲ," ಎಂದಳು. ಒಳಗಿನಿಂದ ಅಧಿಕಾರಿಯ ಫೋನ್ ದನಿ ಕೇಳುತ್ತಲೇ ಇತ್ತು. ಮೊದಲು ಮೆತ್ತಗೆ, ಆಮೇಲೆ ಅಷ್ಟು ಮೆತ್ತಗಲ್ಲ. ಪಶುವೈದ್ಯರು ಬಂದು ನೋಡಿ ಹೋದರು. ಬಿಸಿಲು ಇಳಿಯುವ ಮೊದಲು ಅಪ್ಪಣೆ ಬಂತು. ಮರಿಗಳನ್ನು ಸಿಕ್ಕಿದ ಜಾಗದಲ್ಲೇ ಇಡಬೇಕು, ಬೇರೆಲ್ಲೂ ಅಲ್ಲ. ಜೆಸಿಬಿ ನಿಲ್ಲಬೇಕು. ಇಲಾಖೆಯವರು ದೂರದಿಂದ ಕಾಯಬೇಕು. ಮರಿಗಳು ದೊಡ್ಡವಾಗುವವರೆಗೂ ಆ ಗುಡ್ಡಕ್ಕೆ ಕುರಿ ಹೋಗಕೂಡದು.

ಅತ್ತೆಯ ಕುರಿಗಳ ಮೇವೆಲ್ಲ ಆ ಗುಡ್ಡದಲ್ಲೇ. "ಏನಂತೆ?" ಎಂದಳು.

"ಸ್ವಲ್ಪ ದಿನ ಕುರಿ ಆ ಕಡೆ ಬೇಡವಂತೆ."

"ಸರ್ಯಾಗೇಳ್ಲಾ."

ಸರಿಯಾಗಿ ಹೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ಆಗ್ಲಿ. ಹೊರಡಿ ಅನ್ನು ಮತ್ತೆ."

ಗುಡ್ಡ ತಲುಪಿದಾಗ ನಮ್ಮನ್ನು ರಸ್ತೆಯಲ್ಲೇ ನಿಲ್ಲಿಸಿ, ಇಲಾಖೆಯವರೇ ಮರಿಗಳನ್ನು ಬಿಲದಲ್ಲಿ ಇಟ್ಟರು. ಕತ್ತಲಾಗುವ ಮುನ್ನ ಗಾರ್ಡ್ ಇಳಿದು ಬಂದು, ತಾಯಿ ಒಂದೊಂದಾಗಿ ಎರಡನ್ನೂ ಕಚ್ಚಿಕೊಂಡು ಬಂಡೆಗಳ ಕಡೆ ಹೋಯಿತೆಂದ. ಅತ್ತೆ ಇನ್ನೊಮ್ಮೆ ಹೇಳಿಸಿದಳು.

ಮರುದಿನ ಅವಳು ಕುರಿಗಳನ್ನು ಪಾವಗಡದ ದಾರಿಗೆ ತಿರುಗಿಸಿದಳು. ಆ ಕಡೆ ಮೇವು ಕಡಿಮೆ, ನಡೆ ಜಾಸ್ತಿ. ಎದುರಿಗೆ ಸಿಕ್ಕ ಪಕ್ಕದ ರೊಪ್ಪದವನು ಕೆಣಕಿದ. "ಏನಕ್ಕಾ, ತೋಳುಕ್ಕೆ ಬಾಣಂತನ ಮಾಡ್ತಿದ್ದೀಯಂತೆ? ನಾಳಿಕ್ಕೆ ನಿನ್ ಕುರೀನೇ ಹೊತ್ಕೊಂಡ್ ಹೋಯ್ತದೆ."

"ಹೋದ್ರೆ ನಂದು ತಾನೆ ಹೋಗೋದು? ನೀನು ಆ ಗುಡ್ಡುಕ್ಕೆ ಕುರಿ ಹೊಡ್ದೀಯ, ಜೋಕೆ. ಜೀಪಿನವ್ರಿಗೆ ಫೋನ್ ಮಾಡೋಳು ನಾನೇಯ."