ಕೆಂಪಾಗುವ ಟರ್ಮಿನಲ್

ತಗಡು ಒತ್ತುವ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಕಂಪ್ಯೂಟರಮ್ಮ ಎಂದೇ ಕರೆಯುತ್ತಿದ್ದರು. ಅಲ್ಲಿನ ಎರಡು ಪ್ರೆಸ್‌ಗಳಿಗೂ ಆಜ್ಞೆ ಹೋಗುತ್ತಿದ್ದುದು ಒಂದೇ ಪರದೆಯ ಮೇಲಿನ ಎರಡು ಟರ್ಮಿನಲ್‌ಗಳಿಂದ, ಅಂದರೆ ಆಜ್ಞೆ ಟೈಪ್ ಮಾಡುವ ಎರಡು ಚೌಕಗಳಿಂದ. ಎರಡೂ ಕಪ್ಪು, ಎರಡರಲ್ಲೂ ಅಕ್ಷರ ಬಿಳಿ.

ಅವಳ ಭಾವ, ಅಕ್ಕನ ಗಂಡ, ಅಲ್ಲೇ ಫಿಟ್ಟರ್. ಅವನು ಒಂದು ಪ್ರೆಸ್ಸಿನೊಳಗೆ ಕೈಹಾಕಿ ರಿಪೇರಿ ಮಾಡುತ್ತಿದ್ದಾಗ, ಇನ್ನೊಂದನ್ನು ಚಾಲೂ ಮಾಡಹೊರಟ ಆಪರೇಟರ್ ತಪ್ಪು ಟರ್ಮಿನಲ್‌ನಲ್ಲಿ ಟೈಪ್ ಮಾಡಿದ. ಭಾವನ ಮುಂಗೈ ತಗಡಿನ ಜೊತೆ ಅಪ್ಪಚ್ಚಿಯಾಯಿತು.

ಕಿರುಚಾಟ ಕೇಳಿ ಓಡಿಬಂದವರು ಆಪರೇಟರನ್ನು ನೆಲಕ್ಕೆ ಕೆಡವಿ ಬೂಟುಗಾಲಲ್ಲಿ ಒದ್ದರು. ಒಬ್ಬ ಸ್ಪ್ಯಾನರ್ ಬೀಸಿದ. ಕಂಪ್ಯೂಟರಮ್ಮ ಅಡ್ಡ ಬಂದಳು. ಏಟಿಗೆ ಅವಳ ಹುಬ್ಬು ಸೀಳಿತು.

“ಎರಡೂ ಒಂದೇ ಥರ ಇದ್ರೆ ಅವನಿಗೆ ಹೇಗ್ರೋ ಗೊತ್ತಾಗ್ಬೇಕು?” ಎಂದು ರಕ್ತ ಒರೆಸಿಕೊಳ್ಳುತ್ತಲೇ ಅರಚಿದಳು.

“ನಿನ್ನ ಭಾವನ ಕೈಯೇ ಹೋಗಿದೆ, ಇವನ ಪರ ಮಾತಾಡ್ತೀಯಾ?” ಎಂದು ಸ್ಪ್ಯಾನರ್ ಹಿಡಿದವನು ಉಗಿದ.

ಹೊಲಿಗೆ ಹಾಕಿಸಿಕೊಂಡು ಬಂದವಳೇ ಕಂಪ್ಯೂಟರಿಗೆ ಪುಟ್ಟ ಸ್ಕ್ರಿಪ್ಟ್ ಬರೆದಳು. ಯಾವ ಪ್ರೆಸ್ಸಿನ ಬಾಗಿಲು ರಿಪೇರಿಗೆಂದು ತೆರೆದಿದೆಯೋ ಅದರ ಟರ್ಮಿನಲ್ ತಾನಾಗಿಯೇ ಕೆಂಪಾಗುತ್ತಿತ್ತು. ಪಕ್ಕೆಲುಬು ಮುರಿಸಿಕೊಂಡಿದ್ದ ಆಪರೇಟರ್ ಕೆಲಸಕ್ಕೆ ಮರಳಿದ ದಿನ ಅದನ್ನು ನೋಡಿ ಬಿಕ್ಕಿಬಿಕ್ಕಿ ಅತ್ತ.

ಆಸ್ಪತ್ರೆಯಿಂದ ಮನೆಗೆ ಬಂದ ಭಾವನಿಗೂ ಅವಳು ಅದನ್ನೆಲ್ಲ ವಿವರಿಸಿದಳು. ಅವನು ಮೋಟು ತೋಳನ್ನೇ ನೋಡುತ್ತಾ, “ಬಣ್ಣ ಬದಲಾಯಿಸೋಕೆ ಎಷ್ಟು ಹೊತ್ತು ಹಿಡೀತಮ್ಮಾ?” ಎಂದ.

“ಒಂದು ಟೀ ಕುಡಿಯೋಷ್ಟು, ಭಾವ.”

“ಅಷ್ಟೇನಾ?” ಎಂದಳು ಬಾಗಿಲಲ್ಲಿ ನಿಂತಿದ್ದ ಅವಳ ಅಕ್ಕ. ಕೈಲಿದ್ದ ಪಿಂಗಾಣಿ ತಟ್ಟೆಯನ್ನು ತಂಗಿಯ ತಲೆಯ ಪಕ್ಕಕ್ಕೇ, ಗೋಡೆಗೆ ಅಪ್ಪಳಿಸಿದಳು. ತಂಗಿ ಬಗ್ಗಿ ಚೂರುಗಳನ್ನು ಆಯತೊಡಗಿದಳು.