ಮಂಗಳಾರತಿ ಮುಗಿದ ಮೇಲಿನ ಗಿಟಾರು

ಗೆಳೆಯರೇ, ಈ ಕಥೆಯನ್ನು ಮೊದಲು ಹೇಳಿದವರು ಗುಂಜಿಯ ನಮ್ಮ ಸೋದರಮಾವ ಬಸಪ್ಪ. ನಿನ್ನೆ ಸಂಜೆ, ಶಿವಬಸವ ನಗರದ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ.

ಹೋದ ವರ್ಷ ಮಾವ ತಮ್ಮ ಭಜನಾ ಮೇಳದ ಹಾಡು ತುಂಬಿಸಲು ಹಳೆಯ ಕ್ಯಾಸೆಟ್ ಕೇಳಿದ್ದರು. ಅವ್ವ ಬುರುಡೆಯ ಚಿತ್ರವಿದ್ದ ಒಂದನ್ನು ಕೊಟ್ಟುಬಿಟ್ಟಿದ್ದಳು. ಅದು ನನ್ನ ತಮ್ಮ ಮಹಾಂತೇಶನ ಪ್ರಾಣ: ಇಪ್ಪತ್ತು ವರ್ಷ ಹಳೆಯದಾದರೂ ಹುಡುಗರು ಇಂದಿಗೂ ಕೇಳಿ ಗಿಟಾರ್ ಕಲಿಯುವ, ಅಬ್ಬರದ ಹೆವಿ ಮೆಟಲ್ ಸಂಗೀತದ ಆಲ್ಬಂ. ಅವನು ವರ್ಷವಿಡೀ ಅದನ್ನು ಹುಡುಕಿದ್ದ; ಅದು ಎಲ್ಲಿದೆ ಎಂದು ಗೊತ್ತಾದದ್ದು ನಿನ್ನೆ ಮಾವ ಹೇಳಿದಾಗಲೇ.

“ಮಾವಾ, ಅದರ ಮ್ಯಾಲ ಭಜನಿ ತುಂಬಿಸಿದ್ರೇನ್ರಿ?” ಮಹಾಂತೇಶ ಚಹಾ ಬಿಟ್ಟು ಎದ್ದ.

“ಪೂರಾ ತುಂಬಿಲ್ಲೋ ತಮ್ಮಾ. ಮಂಗಳಾರತಿ ಮುಗಿದ ಮ್ಯಾಲ ಕಡೀಕ ಸ್ವಲ್ಪ ನಿನ್ನ ಗಿಟಾರ್ ಉಳದೈತಿ. ಮೇಳಕ್ಕ ಹೊಸದಾಗಿ ಸೇರಿದವ್ರು ಕ್ಯಾಸೆಟ್ ಕೇಳೇ ಕಲತ್ರು. ಅದೂ ಭಜನೀದ ಅಂತ ತಿಳಕೊಂಡು ಹಾರ್ಮೋನಿಯಂ ಮ್ಯಾಲ ಬಾರಸಾಕತ್ತಾರ.”

“ಬ್ಯಾಡ ಅನ್ನಬೇಕಿಲ್ಲೇನ್ರಿ?”

“ಅಂದ್ನೆಪಾ! ಒಂದಿನ ಬಿಡಿಸಿದ್ನಿ. ಮಂದಿ ಪ್ರಸಾದಕ್ಕ ಏಳಲೇ ಇಲ್ಲ. ‘ಇನ್ನೂ ಮುಗದಿಲ್ಲಲ್ಲ’ ಅಂತ ಕುಂತಬಿಟ್ರು.”

ಮಾವ ಅದನ್ನು ಬಾಯಲ್ಲೇ ಬಾರಿಸಿ ತೋರಿಸಿದರು. ಒಂದು ಸ್ವರವೂ ತಪ್ಪಿರಲಿಲ್ಲ. ಮಹಾಂತೇಶ ಸಿಟ್ಟು ಹಿಡಿದಿಟ್ಟುಕೊಳ್ಳಲಾರದೆ ನಕ್ಕು ಕುಳಿತ.

ಇವತ್ತು ಮುಂಜಾನೆ ಅವನೇ ಮಾವನ ಚೀಲದಲ್ಲಿ ಹೊಸ ಖಾಲಿ ಕ್ಯಾಸೆಟ್ ಇಟ್ಟು, “ನಿಮ್ಮ ಭಜನಿ ತುಂಬಿಸಿ ಕಳಸ್ರಿ, ಕಡೀದಷ್ಟು ಬಿಡಬ್ಯಾಡ್ರಿ” ಎಂದ. ಆಮೇಲೆ ಅವ್ವ ದೇವರ ಮುಂದೆ ಮಂಗಳಾರತಿ ಹಾಡಿ ಮುಗಿಸಿ ತಿರುಗಿ ನೋಡಿದರೆ ನಾವು ಮೂವರೂ ಕುಳಿತಲ್ಲಿಂದ ಎದ್ದಿರಲಿಲ್ಲ. ಕಡೆಗೆ ಅವಳೇ ಬಾಯಲ್ಲಿ ಗಿಟಾರ್ ಬಾರಿಸಿ ನಮ್ಮನ್ನು ಉಪ್ಪಿಟ್ಟಿಗೆ ಎಬ್ಬಿಸಬೇಕಾಯಿತು.